ಇಪ್ಪತ್ತಿಂಚು, ಮೂಲೆಯಿಂದ ಮೂಲೆಗೆ

ನನ್ನ ಅಂಗಿಯ ಜೇಬಿನಲ್ಲಿ ಒಂದು ದಾರ ಇರುತ್ತದೆ. ಬೀಡಿಯನ್ನು ಡಾಕ್ಟರು ಬಿಡಿಸಿದರು, ತಂಬಾಕನ್ನು ಹೆಂಡತಿ ಬಿಡಿಸಿದಳು, ಈ ದಾರವನ್ನು ಮಾತ್ರ ಯಾರಿಂದಲೂ ಬಿಡಿಸಲಾಗಿಲ್ಲ. ತುದಿಗೆ ತುದಿ ಕಟ್ಟಿದ ದಾರ. ಹನ್ನೆರಡು ಗಂಟು. ಗಂಟಿನಿಂದ ಗಂಟಿಗೆ ನಾಲ್ಕು ಇಂಚು. ಸುಮ್ಮನೆ ಕೂತಾಗ ಜಪಮಣಿಯ ಹಾಗೆ ಅದು ಬೆರಳಲ್ಲಿ ತಿರುಗುತ್ತಿರುತ್ತದೆ. ಸುಮ್ಮನೆ ಕೂತಾಗ ಎಂದು ಬರೆದೆನಲ್ಲ, ನನ್ನ ಹೆಂಡತಿ ಮಾಬೂಬಿ ಕೇಳಿದರೆ ನಗುತ್ತಾಳೆ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಸುಮ್ಮನೆ ಕೂತದ್ದನ್ನು ಅವಳು ಕಂಡಿಲ್ಲ. "ನಿಮ್ಮ ಬುಡಕ ಇರುವಿ ಗೂಡು ಐತೇನ್ರೀ?" ಎನ್ನುತ್ತಾಳೆ. ನಮ್ಮ ಮನೆಯಲ್ಲಿ ನಡೆಯುವುದು ದಖನಿ ಉರ್ದು. ಸಿಟ್ಟು ಬಂದರೆ ಮಾತ್ರ ಅವಳು ಕನ್ನಡಕ್ಕೆ ಇಳಿಯುತ್ತಾಳೆ. ಬಿಜಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಬೈಗುಳವನ್ನೆಲ್ಲ ಅವಳು ಪಕ್ಕದ ಮನೆಯ ಗೌಡಶಾನಿಯಿಂದ ಕಲಿತವಳು. ದಖನಿಯಲ್ಲಿ ಅಷ್ಟು ಖಾರ ಇಲ್ಲವಂತೆ.

ಮೊನ್ನೆ ಬೆಳಿಗ್ಗೆ ಶ್ರೀನಿವಾಸಯ್ಯನವರು ಪೇಪರ್ ಹಿಡಿದುಕೊಂಡು ನಮ್ಮ ಗುಡ್ಡ ಹತ್ತಿ ಬಂದರು. ಮುಂಬಯಿಯ ಭಾಂಡುಪ್‌ನ ಗುಡ್ಡದ ಮೇಲೆ ನಮ್ಮ ಚಾಳು. ಗುಡ್ಡದ ಬುಡದ ಬಿಲ್ಡಿಂಗ್‌ನಲ್ಲಿ ಅವರ ಫ್ಲ್ಯಾಟು. ಮೈಸೂರಿನವರು. ಆಫೀಸಿನಲ್ಲಿ ಕೂತು ಬರೆಯುವ ಕೆಲಸದಲ್ಲಿ ಇದ್ದು ಈಗ ರಿಟೈರ್ ಆಗಿದ್ದಾರೆ. ಇದನ್ನು ಓದಿ ತಿದ್ದಿಕೊಟ್ಟವರೂ ಅವರೇ. ಆದ್ದರಿಂದ ಇಲ್ಲಿ ಒತ್ತಕ್ಷರಗಳು ಅವರವು, ತಪ್ಪುಗಳು ನನ್ನವು.

"ಸಾಬ್ರೇ, ನಿಮ್ಮ ಮೂರು-ನಾಲ್ಕು-ಐದು ಮುಗೀತು ಕಣ್ರೀ," ಎಂದರು, ಕೂರುವ ಮೊದಲೇ. "ಜಪಾನಲ್ಲಿ ಹೊಸಾ ಥರದ ಟೀವಿ ಮಾಡ್ತಾ ಇದ್ದಾರಂತೆ. ಅಗಲ ಹದಿನಾರಾದ್ರೆ ಎತ್ತರ ಬರೀ ಒಂಬತ್ತು. ಗೆರೆಗಳೂ ಈಗಿನದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು. ಮುಖದ ಮೇಲಿನ ರೋಮ ಎಣಿಸಬಹುದಂತೆ!"

"ಯಾರ ರೋಮ ಎಣಿಸಿ ನಮಗೇನು ಆಗಬೇಕಾಗೇದ್ರೀ?" ಎಂದೆ. ಬಾಯಿ ಹಾಗೆಂದಿತು, ಕೈ ಆಗಲೇ ಜೇಬಿನಲ್ಲಿತ್ತು.

ಗೆರೆಯ ಮಾತು ನನಗೆ ಹೊಸದಲ್ಲ. ಟೀವಿಯ ಚಿತ್ರ ಗೆರೆಗೆರೆಯಾಗಿ ಬೀಳುತ್ತದೆ, ಮೇಲಿಂದ ಕೆಳಗೆ ಆರುನೂರ ಇಪ್ಪತ್ತೈದು ಗೆರೆ, ಎಂದು ಬಹಳ ಹಿಂದೆ ಇದೇ ಶ್ರೀನಿವಾಸಯ್ಯನವರು ಹೇಳಿದ್ದರು. ಮೂರನೆಯ ಇಯತ್ತೆ ದಾಟದ ತಲೆಗೆ ಅದು ಹತ್ತಲಿಲ್ಲ. ಮೂರು ದಿನ ಗೋಡೆ ಕಟ್ಟುತ್ತ ಕಟ್ಟುತ್ತ ಯೋಚಿಸಿದೆ. ನಾಲ್ಕನೆಯ ದಿನ ಕೈಯಲ್ಲಿದ್ದ ಇಟ್ಟಿಗೆಯೇ ಹೇಳಿತು: ಅದು ವರಸೆ, ಒಂದರ ಮೇಲೊಂದು ಏರುವ ಇಟ್ಟಿಗೆಯ ಸಾಲು. ದೊಡ್ಡ ಇಟ್ಟಿಗೆಯಲ್ಲಿ ಕಮಾನು ಕಟ್ಟಿದರೆ ಹಲ್ಲುಹಲ್ಲಾಗಿ ಕಾಣುತ್ತದೆ. ಇಟ್ಟಿಗೆ ಸಣ್ಣದಾಗಿ ವರಸೆ ಹೆಚ್ಚಾದಷ್ಟೂ ಕಮಾನು ನುಣ್ಣಗೆ ತಿರುಗುತ್ತದೆ. ಮನುಷ್ಯನ ಕೆನ್ನೆಯೂ ಒಂದು ಕಮಾನೇ ತಾನೆ? ಜಪಾನಿನವರು ಸಣ್ಣ ಇಟ್ಟಿಗೆ ಸುಟ್ಟುಕೊಂಡಿದ್ದಾರೆ, ಅಷ್ಟೆ.

ಆದರೆ ಹದಿನಾರಕ್ಕೆ ಒಂಬತ್ತು ಎಂಬುದು ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯಂತೆ ಕೂತುಬಿಟ್ಟಿತು. ಅವರು ಚಾ ಕುಡಿದು ಇಳಿದು ಹೋದರು. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ಕೊನೆಗೆ ಟೇಪು ತೆಗೆದುಕೊಂಡು ಹೋಗಿ, ನಮ್ಮ ಅಡುಗೆಮನೆಯ ಗೋಡೆಯಲ್ಲಿರುವ ಕಿಂಡಿಯನ್ನು ಅಳೆದೆ. ಅಳೆದ ಮೇಲೆ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಆ ಕಿಂಡಿ ನಮ್ಮ ಗೋಡೆಗೆ ಬಂದ ಬಗೆಯನ್ನು ಹೇಳದೆ ನನಗೆ ಸಮಾಧಾನ ಇಲ್ಲ.

ಮೊದಲು ದಾರದ ಮಾತು. ಗೋಡೆಯ ಮೂಲೆ ನೇರವಾಗಿದೆಯೋ ಇಲ್ಲವೋ ನೋಡುವುದಕ್ಕೆ ಗೌಂಡಿಗಳು ಒಂದು ಕಡೆ ಮೂರು ಅಳತೆ, ಇನ್ನೊಂದು ಕಡೆ ನಾಲ್ಕು ಅಳತೆ ಗುರುತು ಹಾಕುತ್ತಾರೆ. ಆ ಎರಡು ಗುರುತಿನ ನಡುವೆ ಓರೆಯಾಗಿ ಸರಿಯಾಗಿ ಐದು ಬರಬೇಕು. ಬಂದರೆ ಮೂಲೆ ನೇರ, ಬಾರದಿದ್ದರೆ ಕಟ್ಟಿದ್ದನ್ನು ಕೆಡವಬೇಕು. ನನ್ನ ಉಸ್ತಾದರು ನನಗೆ ಕಲಿಸಿದ ಇಡೀ ಶಾಲೆ ಇಷ್ಟೇ. ನೆಲಕ್ಕೆ ಫರಸಿಕಲ್ಲು ಕೂರಿಸುವಾಗ ಚಿಕ್ಕ ಮೂಲೆಗಳಿಗೆಂದು ನಾನು ಈ ಗಂಟಿನ ದಾರ ಮಾಡಿಕೊಂಡೆ. ಮೂರು ಗಂಟು, ನಾಲ್ಕು ಗಂಟು, ಐದು ಗಂಟು. ಬಿಗಿಯಾಗಿ ನಿಂತರೆ ಮುಗಿಯಿತು.

ಶ್ರೀನಿವಾಸಯ್ಯನವರ ಗೆಳೆತನ ಆದದ್ದೂ ಈ ದಾರದಿಂದಲೇ. ಅವರ ಬಿಲ್ಡಿಂಗ್ ಕಟ್ಟಿದವರಲ್ಲಿ ನಾನೂ ಒಬ್ಬ. ಅವರು ಮನೆಗೆ ಬಂದ ವಾರವೇ ಗುಡ್ಡ ಹತ್ತಿ ಬಂದು, "ಮೇಸ್ತ್ರಿ ಯಾರ್ರೀ ಇಲ್ಲಿ? ಗೋಡೆ ಸೊಟ್ಟ ಕಟ್ಟಿದ್ದೀರ. ನನ್ನ ಬೀರು ಗೋಡೆಗೆ ಕೂರ್ತಾ ಇಲ್ಲ," ಎಂದು ಕೂಗಾಡಿದರು. ನಾನು ಹೋಗಿ ಗೋಡೆಗೆ ದಾರ ಹಿಡಿದೆ, ಬಿಗಿಯಾಗಿ ನಿಂತಿತು. ಅವರ ಬೀರುವಿಗೆ ಹಿಡಿದೆ, ಜೋಲಿ ಹೊಡೆಯಿತು. "ಗೋಡೆ ನೆಟ್ಟಗೈತ್ರೀ, ಬೀರು ಸೊಟ್ಟೈತಿ," ಎಂದೆ. ಅದು ಅವರ ಮಾವ ಕೊಟ್ಟ ಬೀರು. ಅವರ ಹೆಂಡತಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಶ್ರೀನಿವಾಸಯ್ಯನವರ ಮುಖದ ಮೇಲೆ ಆಗ ಮೂಡಿದ ಸಂತೋಷವನ್ನು ನಾನು ಇನ್ನೂ ಮರೆತಿಲ್ಲ.

ಇನ್ನು ಜುಬೇದಾಳ ಮಾತು. ಜುಬ್ಬಿ. ನನ್ನ ಮಗ ಬಶೀರನ ಮಗಳು. ಆಗ ಅವಳಿಗೆ ಎಂಟು ವರ್ಷ. ಒಂದು ಮಧ್ಯಾಹ್ನ ಶಾಲೆಯಿಂದ ಓಡುತ್ತ ಬಂದವಳು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, "ದಾದಾ, ಮೈ ಟೀವೀ ಪೇ ಆನೇವಾಲೀ!" ಎಂದಳು. ಟೀವಿಯ ಮಕ್ಕಳ ಕಾರ್ಯಕ್ರಮಕ್ಕೆ ಅವಳ ಶಾಲೆಯ ಇಪ್ಪತ್ತು ಮಕ್ಕಳನ್ನು ಹಾಡಲು ಕರೆದಿದ್ದರು. ಹತ್ತೊಂಬತ್ತು ಮಕ್ಕಳು ಬರೀ ಹಾಡುವವರು. ಖಂಜರಿ ಬಾರಿಸುತ್ತ ಹಾಡುವವಳು ನಮ್ಮ ಜುಬ್ಬಿ ಒಬ್ಬಳೇ.

ನೋಡಿ, ನಾನು ಮುಂಬಯಿಯಲ್ಲಿ ಎಷ್ಟೋ ಗೋಡೆ ಕಟ್ಟಿದ್ದೇನೆ. ಪರೇಲ್‌ನಲ್ಲಿ, ಸಾಂತಾಕ್ರೂಜ್‌ನಲ್ಲಿ, ಎಲ್ಲೆಲ್ಲಿಯೋ. ಯಾವ ಗೋಡೆಯ ಮೇಲೂ ನನ್ನ ಹೆಸರಿಲ್ಲ. ಅದಕ್ಕೆ ನನಗೆ ಬೇಸರವೂ ಇಲ್ಲ. ಆದರೆ ನನ್ನ ರಕ್ತದ ಒಂದು ಮುಖ ಈ ಊರಿನ ಎಲ್ಲ ಗೋಡೆಗಳ ಒಳಗೂ ಒಂದೇ ಹೊತ್ತಿಗೆ ಕಾಣಿಸುತ್ತದೆ ಎಂದರೆ! ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೂಲಿಯವರು ಸೇರುವ ನಾಕಾದಲ್ಲಿ ಹೇಳಿದೆ, ಮಸೀದಿಯ ಬಾಗಿಲಲ್ಲಿ ಹೇಳಿದೆ, ಉಸುಕಿನ ಲಾರಿಯವನಿಗೆ ಹೇಳಿದೆ. ಲೋಕಲ್‌ನಲ್ಲಿ ಪಕ್ಕ ನಿಂತ ಅಪರಿಚಿತನೊಬ್ಬನಿಗೆ ಭಾಂಡುಪ್‌ನಿಂದ ಹೇಳುತ್ತ ಹೋದೆ. ಅವನು ಕುರ್ಲಾದಲ್ಲಿ ಇಳಿದುಹೋದ. ದಾದರ್‌ನಲ್ಲಿ ಇಳಿಯುವವನೆಂದು ಅವನೇ ಮೊದಲು ನನಗೆ ಹೇಳಿದ್ದ.

ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ಹಾಡು ತುಂಬಿಸಿಕೊಂಡು ಕಳಿಸಿದರು. ಮುಂದಿನ ವಾರ ಬಿಟ್ಟು ಅದರಾಚೆಯ ಭಾನುವಾರ ಬೆಳಿಗ್ಗೆ ತೋರಿಸುತ್ತಾರಂತೆ. ಜುಬ್ಬಿ ಮನೆಗೆ ಬಂದ ಕೂಡಲೇ ಕೇಳಿದೆ, "ಎಲ್ಲಿ ನಿಂತಿದ್ದೆ ಬೇಟಾ?"

"ಆಗೇ ಕೀ ಲೈನ್ ಮೇ ದಾದಾ. ಸೀಧೇ ಹಾಥ್ ಕೀ ತರಫ್, ಸಬ್ ಸೇ ಆಖಿರ್ ಮೇ," ಎಂದು ಬಲಗೈಯನ್ನು ಉದ್ದಕ್ಕೆ ಚಾಚಿ ತೋರಿಸಿದಳು. ಬಾರಿಸುವಾಗ ಅವಳ ಮೊಣಕೈ ಪಕ್ಕದ ಮಗುವಿಗೆ ತಗಲುತ್ತದೆಂದು ಟೀಚರು ಅವಳನ್ನು ಸಾಲಿನ ತುದಿಗೆ ನಿಲ್ಲಿಸಿದ್ದರು. ಬಲಗಡೆಯ ತುದಿ. ಇದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ನಮ್ಮ ಮನೆಯಲ್ಲಿ ಆಗ ಟೀವಿ ಇರಲಿಲ್ಲ. ಶ್ರೀನಿವಾಸಯ್ಯನವರಲ್ಲಿ ಒಂದು ಚಿಕ್ಕ ಟೀವಿ ಇತ್ತು, ಅಲ್ಲಿಯೇ ನೋಡಿದರಾಯಿತು ಎಂದುಕೊಂಡು, ಒಂದು ಸಂಜೆ ಮೊದಲೇ ಹೋಗಿ ಕೂತೆ. ಬೇರೆಯವರು ಟೀವಿಯಲ್ಲಿ ಸುದ್ದಿ ನೋಡುತ್ತಿದ್ದರು, ನಾನು ಟೀವಿಯ ಅಂಚು ನೋಡುತ್ತಿದ್ದೆ. ಕೈಯಿಂದ ಅಳೆದೆ: ಅಗಲ ನಾಲ್ಕು ಹಿಡಿ, ಎತ್ತರ ಮೂರು ಹಿಡಿ. ನಾಲ್ಕಕ್ಕೆ ಮೂರು! ನಮ್ಮ ಅಳತೆಯೇ! ಖುಷಿಯಿಂದ ತೊಡೆ ತಟ್ಟಿಕೊಂಡೆ. ಆಮೇಲೆ ಗಾಬರಿಯಾಯಿತು. ಪರದೆಯ ಎಡಗಡೆಯಲ್ಲಿ ಬೆರಳಗಲದ ಕಪ್ಪು ಪಟ್ಟಿ ಖಾಲಿ ನಿಂತಿತ್ತು; ಚಿತ್ರವೆಲ್ಲ ಬಲಕ್ಕೆ ಜರುಗಿ, ಬಲ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು. ಬರೆದು ತೋರಿಸಿದ ಹೆಸರುಗಳ ಕೊನೆಯ ಅಕ್ಷರವೇ ಇಲ್ಲ.

"ಇದು ಬಲಗಡೆ ಕಟ್ ಆಗಾಕತ್ತೈತಲ್ರೀ!"

"ಅಯ್ಯೋ, ಅದು ತಂದಾಗಿನಿಂದ ಹಾಗೇ ಸಾಬ್ರೇ. ಏನು ಮಹಾ, ಕೊನೇ ಅಕ್ಷರ ತಾನೆ? ಊಹೆ ಮಾಡ್ಕೊಳ್ಳೋದು."

"ಅಕ್ಷರ ಊಹಿಸಬಹುದ್ರೀ. ಮೊಮ್ಮಗಳನ್ನ ಹೆಂಗ ಊಹಿಸ್ಲಿ?"

ಅವರು ಪಾಪ, ಹಿಂದಿನ ತಿರುಪುಗಳನ್ನು ತಿರುಗಿಸಿದರು. ಚಿತ್ರ ಮೇಲೆ ಕೆಳಗೆ ಉರುಳಿತು, ಮಳೆ ಸುರಿಯಿತು, ಮತ್ತೆ ಬಂದು ಅಲ್ಲಿಯೇ ನಿಂತಿತು. ನಾನು ಗುಡ್ಡ ಹತ್ತಿ ಬರುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ನಮ್ಮದೇ ಟೀವಿ ಬೇಕು, ಅಂಚು ಸರಿಯಾಗಿರುವ ಟೀವಿ. ಬಶೀರನಿಗೂ ಆಸೆಯಿತ್ತು. ರಿಕ್ಷಾ ಓಡಿಸುವವನು ಅವನು, ಯಾರೋ ಪ್ಯಾಸೆಂಜರಿನಿಂದ ಕೇಳಿಕೊಂಡು ಬಂದಿದ್ದ: "ಲೇಂಗೇ ತೋ ಬೀಸ್ ಇಂಚ್ ಕಾಚ್ ಲೇಂಗೇ, ಅಬ್ಬಾ." ತೆಗೆದುಕೊಂಡರೆ ಇಪ್ಪತ್ತಿಂಚಿನದೇ.

ಇಪ್ಪತ್ತಿಂಚು. ಅಷ್ಟು ಕೇಳಿದ್ದೇ ನನಗೆ ಸಾಕಾಯಿತು. ನಮ್ಮದು ಒಂದೇ ಕೋಣೆಯ ಖೋಲಿ. ನಡುವೆ ಅರ್ಧ ಇಟ್ಟಿಗೆಯ ಗೋಡೆ ಎತ್ತಿ ಹಿಂದೆ ಅಡುಗೆಮನೆ ಮಾಡಿಕೊಂಡಿದ್ದೆ. ಟೀವಿ ಎಂದರೆ ಮುಂದೆ ಚಪ್ಪಟೆ ಇದ್ದರೂ ಹಿಂದೆ ಉದ್ದನೆಯ ಬೆನ್ನು ಇರುತ್ತದೆ. ಅದನ್ನು ಮುಂದಿನ ಭಾಗದಲ್ಲಿಟ್ಟರೆ ಮನುಷ್ಯರು ಮಲಗುವುದೆಲ್ಲಿ? ನಡುಗೋಡೆಯಲ್ಲೇ ಒಂದು ಕಿಂಡಿ ಕೊರೆದರೆ ಮುಖ ಈ ಕಡೆ, ಬೆನ್ನು ಅಡುಗೆಮನೆಯ ಕಡೆ. ಇಡೀ ಚಾಳಿನಲ್ಲಿ ಯಾರಿಗೂ ಹೊಳೆಯದ ಉಪಾಯ! ಅಂಗಡಿಗೆ ಹೋಗುವವರೆಗೆ ಕಾಯಬಹುದಾಗಿತ್ತು. ಕಾಯುವವನಾಗಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಅದೇ ದಿನ ಸೀಮೆಸುಣ್ಣದಿಂದ ಗುರುತು ಹಾಕಿದೆ. ಅಗಲ ಇಪ್ಪತ್ತು, ನಾಲ್ಕಕ್ಕೆ ಮೂರರಂತೆ ಎತ್ತರ ಹದಿನೈದು. ಉಳಿ ಸುತ್ತಿಗೆ ತೆಗೆದುಕೊಂಡು ಒಡೆದೆ, ಅಂಚಿಗೆ ಸಿಮೆಂಟು ಬಳಿದೆ, ಮೂಲೆ ಮೂಲೆಗೆ ದಾರ ಹಿಡಿದೆ. ವೀಣೆಯ ತಂತಿಯ ಹಾಗೆ ನಿಂತಿತು.

ಮಾಬೂಬಿ ಸಾರಿನ ಪಾತ್ರೆಯಿಂದ ಇಟ್ಟಿಗೆಯ ಚೂರು ಆರಿಸುತ್ತ ಕನ್ನಡಕ್ಕೆ ಇಳಿದಳು. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಯೂದು ಕೇಳಿದ್ನಿ. ನೀವು ಕೂಸಿನ ಕುದುರಿಗೆ ಲಾಯ ಕಟ್ಟಾಕತ್ತೀರಿ."

ಆ ದಿನಗಳಲ್ಲಿ ನನಗೆ ಕೆಲಸ ಸಾಂತಾಕ್ರೂಜ್‌ನಲ್ಲಿ. ಸ್ಟೇಷನ್‌ನಿಂದ ಸೈಟಿಗೆ ಹೋಗುವ ದಾರಿಯಲ್ಲಿ ಒಂದು ಟೀವಿ ಅಂಗಡಿ ಇತ್ತು. ಶನಿವಾರ ಮಧ್ಯಾಹ್ನ ಬಶೀರ ರಿಕ್ಷಾ ತೆಗೆದುಕೊಂಡು ಅಲ್ಲಿಗೆ ಬಂದ. ನಾನು ಸುಣ್ಣ ಮೆತ್ತಿದ ಕೈ ತೊಳೆದುಕೊಂಡು ಹೋದೆ. ಅಂಗಡಿಯ ಶೇಠ್ ಇಪ್ಪತ್ತಿಂಚಿನದೊಂದನ್ನು ತೋರಿಸಿದ. ನಾನು ದಾರ ತೆಗೆದು ಪರದೆಯ ಅಗಲಕ್ಕೆ ಹಿಡಿದೆ. ನಾಲ್ಕು ಗಂಟಿಗೆ ಮುಗಿದುಹೋಯಿತು. ನಾಲ್ಕು ನಾಲ್ಕಲಿ ಹದಿನಾರು.

"ಶೇಠ್, ಯೇ ತೋ ಸೋಲಾ ಇಂಚ್ ಹೈ!" ಎಂದು ಕೂಗಿದೆ. "ನಾಲ್ಕು ಇಂಚು ಎಲ್ಲಿ ಹೋಯಿತು?" ನನ್ನ ದನಿ ಸೈಟಿನ ದನಿ; ಮೂರನೆಯ ಮಹಡಿಗೆ ಕೇಳುವಂಥದ್ದು. ಗಿರಾಕಿಗಳೆಲ್ಲ ತಿರುಗಿದರು. ಬಶೀರ ನನ್ನ ಮಗನೇ ಅಲ್ಲ ಎನ್ನುವಂತೆ ಫ್ಯಾನಿನ ಕಡೆ ನೋಡತೊಡಗಿದ.

ಶೇಠ್ ಗಾಬರಿಯಾಗಲಿಲ್ಲ. ಪ್ರತಿದಿನ ಒಬ್ಬನಾದರೂ ಇದನ್ನು ಕೇಳುತ್ತಿದ್ದನೋ ಏನೋ. "ಚಾಚಾ, ಟೀವೀ ಕೋ ಸೀಧಾ ನಹೀ ನಾಪತೇ. ಕೋನೇ ಸೇ ಕೋನಾ," ಎಂದು, ಪರದೆಯ ಕೆಳಗಿನ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ ಬೆರಳು ಎಳೆದ. ಮೂಲೆಯಿಂದ ಮೂಲೆಗೆ. ಓರೆಗೆ.

ನನ್ನ ಕೈ ತಾನಾಗಿ ದಾರ ಬಿಡಿಸಿತು. ಎತ್ತರಕ್ಕೆ ಮೂರು ಗಂಟು. ಅಗಲಕ್ಕೆ ನಾಲ್ಕು ಗಂಟು. ಓರೆಗೆ ಐದು ಗಂಟು. ನನ್ನ ದಾರ ಇಡೀಯಾಗಿ, ಒಂದು ಕೂದಲೂ ಉಳಿಯದೆ, ಆ ಗಾಜಿನ ಮೇಲೆ ಕೂತಿತು. ಹನ್ನೆರಡು, ಹದಿನಾರು, ಇಪ್ಪತ್ತು! ಜೀವಮಾನವೆಲ್ಲ ಮೊದಲು ಓರೆ ನೋಡಿ, ಆಮೇಲೆ ಗೋಡೆ ನಂಬಿದ ಗೌಂಡಿ ನಾನು. ಇಪ್ಪತ್ತಿಂಚು ಎಂದ ಕೂಡಲೇ ಎಲ್ಲಿಂದ ಎಲ್ಲಿಗೆ ಎಂದು ಕೇಳಲಿಲ್ಲವಲ್ಲ! ನಾಚಿಕೆಯೂ ಆಯಿತು, ನಗುವೂ ಬಂತು. ಟೀವಿ ಮಾಡಿದ ಇಂಜಿನಿಯರನೂ ನನ್ನ ಉಸ್ತಾದರೂ ಒಂದೇ ಶಾಲೆಯಲ್ಲಿ ಓದಿದವರು ಎಂದು ಶೇಠನಿಗೆ ಹೇಳಿದೆ. ಅವನು ಒಂದು ಚಾ ತರಿಸಿದ.

ಆಮೇಲೆ ಮುಖ್ಯ ಪ್ರಶ್ನೆ. "ಇದು ಅಂಚು ಕತ್ತರಿಸುತ್ತದೆಯೇ?"

"ಸಬ್ ಕಂಪನೀ ಥೋಡಾ ಕಾಟತೀ ಹೈ ಚಾಚಾ. ಲೇಕಿನ್ ಇಸ್ ಮೇ ಚಾರೋಂ ತರಫ್ ಬರಾಬರ್." ಎಲ್ಲ ಟೀವಿಯೂ ಸ್ವಲ್ಪ ನುಂಗುತ್ತದೆ, ಆದರೆ ಇದು ನಾಲ್ಕೂ ಕಡೆ ಸಮಸಮ. ಚಿತ್ರದಲ್ಲಿ ಬಂದ ಗಡಿಯಾರದ ಗೋಲವನ್ನು ದಾರ ಹಿಡಿದು ನೋಡಿದೆ. ಅಡ್ಡಕ್ಕೂ ಉದ್ದಕ್ಕೂ ಒಂದೇ, ಮೊಟ್ಟೆಯಾಗಿರಲಿಲ್ಲ. ನಾಲ್ಕೂ ಕಡೆ ನ್ಯಾಯವಾಗಿ ನುಂಗುವವನ ಮೇಲೆ ಏನು ದೂರು ಹೇಳುವುದು? ಒಪ್ಪಿದೆ. ಇನ್ನೊಂದು ಸಂತೋಷವೂ ಇತ್ತು: ಹದಿನಾರಿಂಚಿನ ಗಾಜು ನನ್ನ ಇಪ್ಪತ್ತಿಂಚಿನ ಕಿಂಡಿಯಲ್ಲಿ ಆರಾಮಾಗಿ ಕೂರುತ್ತದೆ!

ಕೌದಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಸಾಂತಾಕ್ರೂಜ್‌ನಿಂದ ಭಾಂಡುಪ್‌ವರೆಗೆ ರಿಕ್ಷಾದಲ್ಲಿ ತಂದೆವು. ಪ್ರತಿ ಗುಂಡಿಗೂ ನಾನು "ಹಳೂ, ಹಳೂ," ಎನ್ನುತ್ತಿದ್ದೆ. "ಅಬ್ಬಾ, ಜುಬ್ಬಿ ಪೈದಾ ಹುಯೀ ತಬ್ ಭೀ ಇತನಾ ಹಳೂ ನಹೀ ಲಾಯೇ," ಎಂದ ಬಶೀರ. ಮಗು ಹುಟ್ಟಿ ಆಸ್ಪತ್ರೆಯಿಂದ ಬಂದಾಗಲೂ ಇಷ್ಟು ನಿಧಾನ ಇರಲಿಲ್ಲವಂತೆ. ಮನೆಗೆ ತಂದು, ಬಿಸ್ಮಿಲ್ಲಾ ಎಂದು ಇಬ್ಬರೂ ಎತ್ತಿ ಕಿಂಡಿಗೆ ಹಿಡಿದರೆ, ಒಳಗೆ ಹೋಗಲಿಲ್ಲ. ಹೋಗುವುದು ಹೇಗೆ? ಗಾಜಿನ ಸುತ್ತ ಮರದ ಪೆಟ್ಟಿಗೆ. ಪೆಟ್ಟಿಗೆಯ ಬಲಗಡೆ ತಿರುಪುಗಳ ಸಾಲು, ಅದರ ಕೆಳಗೆ ಸ್ಪೀಕರು. ಗಾಜು ಹದಿನಾರಿಂಚು, ಪೆಟ್ಟಿಗೆ ಇಪ್ಪತ್ತೇಳು. ಅಂಗಡಿಯಲ್ಲಿ ಗಾಜು ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಮದಲಗಿತ್ತಿ ಮಾರಿ ನೋಡಿ ಬಂದೀರಿ," ಎಂದಳು ಮಾಬೂಬಿ, "ಮೈ ನೋಡಿಲ್ಲ."

ತಕ್ಷಣ ಉಳಿ ಎತ್ತಿಕೊಂಡೆ. ಅವಳು ಅಡ್ಡ ನಿಂತಳು. "ನಾಳೆ ನಿಮಗ ಮೊಮ್ಮಗಳು ಕಾಣಬೇಕೋ, ಧೂಳ ಕಾಣಬೇಕೋ?" ಅಷ್ಟರಲ್ಲಿ ಅವಳು ಕಿಂಡಿಯಲ್ಲಿ ಚಾದ ಕಪ್ಪುಗಳನ್ನೂ ಜೋಡಿಸಿಬಿಟ್ಟಿದ್ದಳು. ಟೀವಿಯನ್ನು ಉಳಿ ಸುತ್ತಿಗೆ ಇಡುವ ನನ್ನ ಹತ್ಯಾರದ ಪೆಟ್ಟಿಗೆಯ ಮೇಲೆ ಕೂರಿಸಿದೆವು.

ಭಾನುವಾರ ಬೆಳಿಗ್ಗೆ ನಮ್ಮ ಖೋಲಿಯಲ್ಲಿ ಉಸಿರಾಡಲು ಜಾಗ ಇರಲಿಲ್ಲ. ಬಾಗಿಲಲ್ಲಿ, ಕಿಟಕಿಯಲ್ಲಿ, ಹೊರಗಿನ ಮೋರಿಯ ಕಟ್ಟೆಯ ಮೇಲೆ ಜನ. ಶ್ರೀನಿವಾಸಯ್ಯನವರನ್ನೂ ಕರೆದಿದ್ದೆ, ಬರುತ್ತೇನೆ ಎಂದವರು ಇನ್ನೂ ಬಂದಿರಲಿಲ್ಲ. ಜುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಾಜಿಗೆ ಮೂಗು ಹಚ್ಚುವಷ್ಟು ಹತ್ತಿರ ಕೂತೆ. ಅಷ್ಟು ಹತ್ತಿರದಿಂದ ಗೆರೆಗಳೇ ಕಾಣುತ್ತವೆ, ಮನುಷ್ಯ ಕಾಣುವುದಿಲ್ಲ. ಗೋಡೆಗೆ ಮುಖ ಹಚ್ಚಿದವನಿಗೆ ಇಟ್ಟಿಗೆ ಕಾಣುತ್ತದೆ, ಮನೆ ಕಾಣುವುದಿಲ್ಲ. ಹಿಂದೆ ಸರಿದೆ. ಮತ್ತೆ ಮುಂದೆ ಬಂದೆ. "ಚಾಚಾ, ಏಕ್ ಜಗಾ ಬೈಠೋ!" ಎಂದು ಹಿಂದಿನವರು ಕೂಗಿದರು.

ಹಾಡು ಶುರುವಾಯಿತು. ಎರಡು ಸಾಲು ಮಕ್ಕಳು. ನನ್ನ ಕಣ್ಣು ಬಲ ಅಂಚಿಗೆ ಅಂಟಿಕೊಂಡಿತ್ತು. ಅಲ್ಲಿ ಒಬ್ಬ ಎತ್ತರದ ಹುಡುಗ, ಅರ್ಧ ಮೈ. ಅವನ ಆಚೆ ಏನೂ ಇಲ್ಲ. "ಜುಬ್ಬಿ ಎಲ್ಲಿ? ಜುಬ್ಬಿ ಎಲ್ಲಿ?"

"ಉಧರ್ ನಹೀ ದಾದಾ! ಇಧರ್, ಇಧರ್!" ಅವಳು ಎಡ ಅಂಚಿಗೆ ಬೆರಳು ಒತ್ತಿದಳು.

ಎಡ ಅಂಚಿನಲ್ಲಿ ಒಂದು ಪುಟ್ಟ ಕೈ. ಕೈಯಲ್ಲಿ ಖಂಜರಿ. ಕತ್ತಲಿನ ಆಚೆಯಿಂದ ಒಂದು ಅಂಗೈ ಬಂದು ಅದನ್ನು ಬಡಿದು ಹೋಗುತ್ತಿತ್ತು. ಅಷ್ಟೆ. ಮುಖ ಇಲ್ಲ, ಜಡೆ ಇಲ್ಲ.

ನನಗೆ ಆಗ ತಿಳಿಯಿತು. ಎದುರಿಗೆ ಮುಖಮಾಡಿ ನಿಂತವರ ಬಲ ನಮಗೆ ಎಡ. ಗೋಡೆಯ ಒಳಮೈ ಹೊರಮೈ ಎರಡನ್ನೂ ದಿನಾ ಕೈಯಿಂದ ಸವರುವ ಮನುಷ್ಯನಿಗೆ ಇದು ಹೊಳೆಯಬೇಡವೇ? ಎದ್ದೆ. ಟೀವಿಯ ಬಲಪಕ್ಕಕ್ಕೆ ಹೋಗಿ ಓರೆಯಾಗಿ ನಿಂತು ಇಣುಕಿದೆ. ಕಿಟಕಿಯ ಈ ಪಕ್ಕಕ್ಕೆ ಸರಿದರೆ ಆ ಪಕ್ಕದ ಬೀದಿ ಕಾಣುತ್ತದಲ್ಲ, ಹಾಗೆ ಕಂಡೀತೆಂದು. ಜನ ನಕ್ಕರು. ನಗಲಿ. ನಾನು ಕೆನ್ನೆಯನ್ನು ಮರಕ್ಕೆ ಒತ್ತಿ ಇಣುಕುತ್ತಿರುವಾಗಲೇ ಹಾಡು ಮುಗಿದು, ಯಾರೋ ಹೆಂಗಸು ಬಂದು ನಮಸ್ಕಾರ ಹೇಳಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಜುಬ್ಬಿ "ಮೇರಾ ಹಾಥ್ ದೇಖಾ? ಮೇರಾ ಹಾಥ್!" ಎಂದು ಕುಣಿಯುತ್ತಿದ್ದಳು. ನಾನೂ ನಕ್ಕೆ. ಜನ ಕರಗಿದರು. ದಾರ ಬೆರಳಲ್ಲಿ ತಿರುಗುತ್ತಲೇ ಇತ್ತು.

ಆಗ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಶ್ರೀನಿವಾಸಯ್ಯನವರು, ಬನಿಯನ್-ಪಂಚೆಯಲ್ಲಿಯೇ, ಓಡಿಕೊಂಡು ಬಂದಿದ್ದರು.

"ಸಾಬ್ರೇ! ಕಂಡ್ಲು ಕಣ್ರೀ! ಪೂರ್ತಿ ಕಂಡ್ಲು! ಹೊರಡೋಣ ಅನ್ನೋವಷ್ಟರಲ್ಲಿ ಹಾಡು ಶುರು ಆಗೋಯ್ತು, ಅಲ್ಲೇ ನಿಂತು ನೋಡ್ದೆ. ನಮ್ಮ ಟೀವೀಲಿ ಆ ಕಡೆ ಒಂಚೂರೂ ಕಟ್ ಆಗಲ್ವಲ್ಲ! ತಲೆಯಿಂದ ಕಾಲಿನವರೆಗೆ ನಿಮ್ಮ ಜುಬ್ಬೀನೇ!" ನನ್ನ ಮುಖ ನೋಡಿ ಅವರು ನಿಂತರು. "ಯಾಕ್ರೀ? ನಿಮ್ಮದ್ರಲ್ಲಿ ಕಾಣಲಿಲ್ವಾ?"

"ಕೈ ಕಾಣ್ತ್ರೀ," ಎಂದೆ.

ಅವರು ನನ್ನ ಪಕ್ಕ ಚಾಪೆಯ ಮೇಲೆ ಕೂತರು. "ಕೇಳಿ ಇಲ್ಲಿ. ಎರಡು ಜಡೆ. ಎರಡಕ್ಕೂ ರಿಬ್ಬನ್ನು, ಆದ್ರೆ ಒಂದು ಬಿಚ್ಚಿಹೋಗಿ ಭುಜದ ಮೇಲಿತ್ತು. ಒಂದು ಕಾಲುಚೀಲ ಮೇಲೆ, ಒಂದು ಕೆಳಗೆ. ಉಳಿದ ಮಕ್ಕಳೆಲ್ಲ ಕ್ಯಾಮೆರಾ ನೋಡಿ ಹೆದರಿದ್ವು. ಇವಳು ಮಾತ್ರ ಖಂಜರಿ ನೋಡ್ತಾ ನಗ್ತಾ ಇದ್ಲು. ಒಂದು ಸಲ ತಾಳ ತಪ್ತು. ನಾಲಿಗೆ ಕಚ್ಕೊಂಡ್ಲು. ಕಾಣ್ತಾ ಸಾಬ್ರೇ?"

"ಕಾಣಾಕತ್ತೈತ್ರೀ," ಎಂದೆ. ಅವರ ಆ ಸೊಟ್ಟ ಟೀವಿಯನ್ನು ನಾನು ಎಷ್ಟು ಬೈದಿದ್ದೆ.

ಜುಬ್ಬಿ ಇದನ್ನೆಲ್ಲ ಕೇಳುತ್ತಿದ್ದಳು. ಕನ್ನಡ ಅವಳಿಗೆ ಅರ್ಧ ತಿಳಿಯುತ್ತದೆ. ಉಳಿದರ್ಧ ನನ್ನ ಮುಖದಿಂದ ತಿಳಿದುಕೊಂಡಳೋ ಏನೋ. ಖಂಜರಿ ತೆಗೆದುಕೊಂಡು ಅಡುಗೆಮನೆಗೆ ಓಡಿದಳು. ಸ್ಟೂಲು ಎಳೆದ ಸದ್ದಾಯಿತು. "ದಾದಾ, ನೋಡಿ... ನೋಡು ಇಲ್ಲಿ," ಎಂದು ಕೂಗಿದಳು. ಕಿಂಡಿಯಲ್ಲಿ, ಚಾದ ಕಪ್ಪುಗಳ ಹಿಂದೆ, ಹಾಡು ಮೊದಲಿನಿಂದ ಶುರುವಾಯಿತು.

ಆದರೆ ಅಲ್ಲಿಯೂ ಅವಳು ಅರ್ಧವೇ ಕಾಣುತ್ತಿದ್ದಳು. ಎಡಗಡೆಯ ಅಂಚಿಗೆ, ಗೋಡೆಯ ಮರೆಗೆ ಸರಿದು ನಿಂತಿದ್ದಳು. ನಡುವೆಲ್ಲ ಖಾಲಿ.

"ಬೇಟಾ, ನಡುವ ಬಾ. ಬೀಚ್ ಮೇ ಆ!"

ಹಾಡು ನಿಲ್ಲಿಸಿ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನನ್ನನ್ನು ನೋಡಿದಳು. "ಬೀಚ್ ಮೇ ಕೈಸೇ ಆವೂಂ ದಾದಾ? ವಹಾಂ ಬಾಕೀ ಬಚ್ಚೇ ಹೈಂ ನಾ!"

ನಡುವೆ ಉಳಿದ ಮಕ್ಕಳಿದ್ದಾರೆ. ಹತ್ತೊಂಬತ್ತು ಮಕ್ಕಳು. ಅವಳ ಜಾಗ ತುದಿಯಲ್ಲಿ. ಟೀಚರು ನಿಲ್ಲಿಸಿದ ಜಾಗ.

ನಾನು ಎದ್ದು ಉಳಿ ಸುತ್ತಿಗೆ ತೆಗೆದುಕೊಂಡೆ. ಈ ಸಲ ಮಾಬೂಬಿ ಅಡ್ಡ ಬರಲಿಲ್ಲ. ಒಂದೊಂದಾಗಿ ಕಪ್ಪುಗಳನ್ನು ತೆಗೆದು ಸೆರಗಿನಲ್ಲಿಟ್ಟುಕೊಂಡಳು. ಜುಬ್ಬಿಯನ್ನು ಒಂದು ಗಳಿಗೆ ಕೆಳಗಿಳಿಸಿ, ಕಿಂಡಿಯ ಎಡ ಬದಿಯ ಗೋಡೆಯನ್ನು, ಗುರುತು ಹಾಕದೆ, ದಾರ ಹಿಡಿಯದೆ, ಸುಮಾರು ಒಂದು ಚೋಟು ಒಡೆದು ಹಾಕಿದೆ. ಜೀವನದಲ್ಲಿ ಅಳತೆ ಇಲ್ಲದೆ ಮಾಡಿದ ಕೆಲಸ ಅದೊಂದೇ. ಕೆಂಪು ಧೂಳು ಇಳಿಯುವ ಮೊದಲೇ ಅವಳು ಮತ್ತೆ ಸ್ಟೂಲು ಹತ್ತಿದಳು. ತನ್ನ ಜಾಗದಲ್ಲಿಯೇ ನಿಂತಳು. ಎರಡು ಜಡೆ, ಒಂದು ಬಿಚ್ಚಿದ ರಿಬ್ಬನ್ನು, ತಾಳ ತಪ್ಪಿದಾಗ ಕಚ್ಚಿಕೊಂಡ ನಾಲಿಗೆ. ಪೂರ್ತಿ.

ಇದಾಗಿ ಆರೇಳು ವರ್ಷ. ಟೀವಿ ಇನ್ನೂ ಹತ್ಯಾರದ ಪೆಟ್ಟಿಗೆಯ ಮೇಲೆಯೇ ಇದೆ. ಜುಬ್ಬಿ ಆ ಕಿಂಡಿಯಿಂದ ನನಗೆ ಚಾ ಕೊಡುವಷ್ಟು ದೊಡ್ಡವಳಾಗಿದ್ದಾಳೆ. ಮೊನ್ನೆ ಅಳೆದೆ ಎಂದೆನಲ್ಲ: ಎತ್ತರ ಹದಿನೈದು, ಅಗಲ ಇಪ್ಪತ್ತಾರೂ ಮುಕ್ಕಾಲು. ಚೀಟಿಯಲ್ಲಿ ಬರೆದುಕೊಂಡು ಗುಡ್ಡ ಇಳಿದು ಶ್ರೀನಿವಾಸಯ್ಯನವರಿಗೆ ಕೊಟ್ಟೆ. ಅವರು ಪೆನ್ಸಿಲ್ಲಿನಿಂದ ಲೆಕ್ಕ ಮಾಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಮಾಡಿದರು.

"ಸಾಬ್ರೇ," ಎಂದರು, "ಹದಿನಾರಕ್ಕೆ ಒಂಬತ್ತು. ಒಂದು ದಾರದಷ್ಟು ವ್ಯತ್ಯಾಸ ಇರಬಹುದು, ಅಷ್ಟೇ."

ಜಪಾನಿನಲ್ಲಿಯೂ ಯಾರದೋ ಮೊಮ್ಮಗಳು ಸಾಲಿನ ತುದಿಯಲ್ಲಿ ನಿಂತಿರಬೇಕು.